ಹಳಿ ದಾಟುವ ಕಾಲುದಾರಿ: ಬೀದರ್, ಭಾಲ್ಕಿ, ಕಮಲನಗರ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ವಿಕಾರಾಬಾದಿನಿಂದ ಬೀದರಿಗೆ ನಿಜಾಮರ ರೈಲು ಬಂದದ್ದು 1930ರಲ್ಲಿ. ಆಮೇಲೆ ಅದು ಭಾಲ್ಕಿ, ಕಮಲನಗರ ದಾಟಿ ಉದಗೀರ, ಪರಳಿ ಕಡೆ ಹೋಯಿತು. ಒಂಟಿ ಹಳಿ. ಎಷ್ಟೋ ಕಡೆ ಊರು ಈಚೆ, ಹೊಲ ಆಚೆ. ಹೊಲಕ್ಕೆ, ಬಾವಿಗೆ, ಸಾಲಿಗೆ ಹೋಗುವವರು ದಿನಕ್ಕೆ ಎರಡು ಸಲವಾದರೂ ಹಳಿ ದಾಟಲೇಬೇಕು. ಕೆಳಗಿನ ಉತ್ತರಗಳು ಅವರಿಗಾಗಿ. ವಾಡಿ–ಚಿತ್ತಾಪುರ–ಸೇಡಂ ಹಳಿಯ ಪಕ್ಕದವರಿಗೂ ಹೆಚ್ಚಿನವು ಹೊಂದುತ್ತವೆ.

ಕಾಲುದಾರಿ ಕ್ರಾಸಿಂಗಿಗೂ ರೈಲ್ವೆ ಗೇಟಿಗೂ ಏನು ವ್ಯತ್ಯಾಸ?

ರೈಲ್ವೆಯವರು ಲೆವೆಲ್ ಕ್ರಾಸಿಂಗುಗಳನ್ನು ಸ್ಪೆಷಲ್, ಎ, ಬಿ, ಸಿ, ಡಿ ಎಂದು ವಿಂಗಡಿಸಿದ್ದಾರೆ. ಮೊದಲ ನಾಲ್ಕು ವಾಹನ ಓಡಾಡುವ ರಸ್ತೆಗೆ. ಡಿ ದರ್ಜೆ ಕಾಲ್ನಡಿಗೆಯವರಿಗೆ ಮತ್ತು ದನಕರುಗಳಿಗೆ. ಅಲ್ಲಿ ಬಂಡಿ, ಟ್ರ್ಯಾಕ್ಟರ್, ಬೈಕು ದಾಟಿಸುವಂತಿಲ್ಲ. ಇವೆರಡೂ ಅಲ್ಲದ ಇನ್ನೊಂದಿದೆ: ಜನ ನಡೆದು ನಡೆದು ತಾನೇ ಬಿದ್ದ ದಾರಿ. ಅದು ರೈಲ್ವೆಯ ಯಾವ ರಿಜಿಸ್ಟರಿನಲ್ಲೂ ಇರುವುದಿಲ್ಲ. ನಮ್ಮ ಕಡೆ ದಿನನಿತ್ಯ ದಾಟುವ ಜಾಗಗಳಲ್ಲಿ ಹೆಚ್ಚಿನವು ಇಂಥವೇ, ತಕರಾರು ಹುಟ್ಟುವುದೂ ಇಲ್ಲಿಯೇ.

ಬ್ರಾಡ್‌ಗೇಜ್ ಹಳಿಗಳ ಮೇಲಿನ ಕಾವಲುಗಾರರಿಲ್ಲದ ಕ್ರಾಸಿಂಗುಗಳನ್ನು 2019ರ ಜನವರಿ ಕೊನೆಯ ಹೊತ್ತಿಗೆ ತೆಗೆದುಹಾಕಲಾಗಿದೆ. ಹಾಗಾಗಿ ಗೇಟ್‌ಮ್ಯಾನ್ ಇಲ್ಲದೆ ಟ್ರ್ಯಾಕ್ಟರ್ ದಾಟುವ ಜಾಗ ಇವತ್ತು ಎಲ್ಲಾದರೂ ಕಂಡರೆ, ಎಷ್ಟೇ ಹಳೆಯದಿರಲಿ, ಅದು ಅನಧಿಕೃತ ಎಂದೇ ಹಿಡಿಯಿರಿ.

ನಮ್ಮ ದಾರಿ ಅಧಿಕೃತವೋ ಅಲ್ಲವೋ ತಿಳಿಯುವುದು ಹೇಗೆ?

ಮೊದಲು ಸ್ಥಳದಲ್ಲಿ ನೋಡಿ. ಕ್ರಾಸಿಂಗ್ ನಂಬರ್ ಬರೆದ ಬೋರ್ಡು ಅಥವಾ ಕಲ್ಲು ಇದೆಯೇ? ಎರಡೂ ಬದಿಗೆ ಬೈಕು ನುಗ್ಗದಂತೆ ಕಂಬ ಹೂತಿದ್ದಾರೆಯೇ? ಹಳಿಗಳ ನಡುವೆ ಕಾಂಕ್ರೀಟ್ ಅಥವಾ ರಬ್ಬರ್ ಹಲಗೆ ಹಾಕಿ ಸಮ ಮಾಡಿದ್ದಾರೆಯೇ? ಏನೂ ಇಲ್ಲದೆ ಬರೀ ಖಡಿ ಇದ್ದರೆ ಸಂಶಯ ಪಡಬೇಕು.

ಖಾತ್ರಿಯಾಗಬೇಕಾದರೆ ಮಾಹಿತಿ ಹಕ್ಕಿನಡಿ 10 ರೂಪಾಯಿ ಕಟ್ಟಿ ವಿಭಾಗೀಯ ಕಚೇರಿಗೆ ಅರ್ಜಿ ಹಾಕಿ. ಉತ್ತರಕ್ಕೆ 30 ದಿನದ ಗಡುವು ಇದೆ. "ನಮ್ಮ ಊರಿನ ದಾರಿ ಅಧಿಕೃತವೇ?" ಎಂದು ಕೇಳಿದರೆ ಸುತ್ತುಬಳಸಿದ ಉತ್ತರ ಬರುತ್ತದೆ. "ಇಂಥ ಕಿಲೋಮೀಟರಿನಿಂದ ಇಂಥ ಕಿಲೋಮೀಟರಿನವರೆಗೆ ಇರುವ ಎಲ್ಲ ಕ್ರಾಸಿಂಗುಗಳ ನಂಬರ್, ದರ್ಜೆ ಮತ್ತು ರೈಲ್ವೆ ಲ್ಯಾಂಡ್ ಪ್ಲಾನಿನ ಪ್ರತಿ ಕೊಡಿ" ಎಂದು ಬರೆಯಿರಿ. ಕಿಲೋಮೀಟರ್ ಸಂಖ್ಯೆ ಹಳಿ ಪಕ್ಕದ ಕಲ್ಲಿನ ಮೇಲೆ ಇರುತ್ತದೆ. ವಿದ್ಯುತ್ ತಂತಿ ಇದ್ದಲ್ಲಿ ಕಂಬದ ಮೇಲೂ 92/14 ಎಂಬ ರೀತಿ ಬರೆದಿರುತ್ತಾರೆ; ಮೊದಲ ಸಂಖ್ಯೆ ಕಿಲೋಮೀಟರ್, ಎರಡನೆಯದು ಆ ಕಿಲೋಮೀಟರಿನೊಳಗಿನ ಕಂಬ.

ಗಾಡಿ ಎಷ್ಟು ದೂರ ಇದ್ದರೆ ದಾಟಬಹುದು?

ಕಂಡರೆ ದಾಟಬೇಡಿ. ನಿಯಮ ಅಷ್ಟೇ. ಆದರೆ "ಕಾಣಲಿಲ್ಲ" ಎಂದು ಹೇಳಲು ಎಷ್ಟು ದೂರದವರೆಗೆ ಹಳಿ ಕಾಣಬೇಕು ಎಂಬುದಕ್ಕೆ ಲೆಕ್ಕ ಇದೆ, ಅದನ್ನು ಪ್ರತಿ ಊರಿನವರೂ ತಮ್ಮ ದಾರಿಗೆ ಒಮ್ಮೆ ಹಾಕಿ ನೋಡಬೇಕು.

ಬ್ರಾಡ್‌ಗೇಜ್ ಹಳಿಗಳ ನಡುವಿನ ಅಂತರ 1,676 ಮಿ.ಮೀ. ಬೋಗಿಯ ಅಗಲ ಸುಮಾರು 3.25 ಮೀಟರ್. ಎಂದರೆ ಬೋಗಿ ಹಳಿಯಿಂದ ಹೊರಗೆ ಎರಡೂ ಬದಿಗೆ ಮುಕ್ಕಾಲು ಮೀಟರಿನಷ್ಟು ಚಾಚಿರುತ್ತದೆ. ಹಳಿಯ ಹೊರಗೆ ನಿಂತಿದ್ದೇನೆ ಎಂದುಕೊಂಡವರಿಗೂ ಪೆಟ್ಟು ಬೀಳುವುದು ಇದೇ ಕಾರಣಕ್ಕೆ. ಆದ್ದರಿಂದ ಈ ಕಡೆ ಹಳಿಯಿಂದ 3 ಮೀಟರ್ ಹೊರಗೆ ನಿಂತು ಹೊರಟು, ಆ ಕಡೆ 3 ಮೀಟರ್ ಹೊರಗೆ ಮುಟ್ಟಬೇಕು. ಒಟ್ಟು ಸುಮಾರು 8 ಮೀಟರ್.

ಗಟ್ಟಿ ಕಾಲಿನವರು ಇದನ್ನು 7 ಸೆಕೆಂಡಿನಲ್ಲಿ ದಾಟುತ್ತಾರೆ. ತಲೆ ಮೇಲೆ ಮೇವಿನ ಹೊರೆ ಹೊತ್ತ ಹೆಂಗಸರಿಗೆ, ಕೋಲೂರಿ ನಡೆಯುವವರಿಗೆ 10 ಸೆಕೆಂಡು ಬೇಕು. ಖಡಿಯ ಮೇಲೆ ಕಾಲು ಜಾರುವುದು, ಚಪ್ಪಲಿ ಕಳಚುವುದು ಎಲ್ಲ ಸೇರಿ ಇನ್ನೊಂದು 5 ಇಟ್ಟುಕೊಳ್ಳಿ. ಈ 15 ಸೆಕೆಂಡಿನಲ್ಲಿ ಗಂಟೆಗೆ 75 ಕಿ.ಮೀ. ವೇಗದ ಗಾಡಿ 310 ಮೀಟರಿಗೂ ಹೆಚ್ಚು ಬರುತ್ತದೆ, 100 ಕಿ.ಮೀ. ವೇಗದ್ದು 415 ಮೀಟರ್ ದಾಟುತ್ತದೆ.

ಅಳೆಯಲು ಟೇಪು ಬೇಡ. ತಂತಿ ಕಂಬಗಳ ನಡುವೆ ನೇರ ಹಳಿಯಲ್ಲಿ ಹೆಚ್ಚೆಂದರೆ 72 ಮೀಟರ್ ಇರುತ್ತದೆ, ತಿರುವಿನಲ್ಲಿ ಅದಕ್ಕಿಂತ ಹತ್ತಿರ. ದಾಟುವ ಜಾಗದಲ್ಲಿ ನಿಂತು ಎರಡೂ ಕಡೆ ಕಂಬ ಎಣಿಸಿ. ನೇರ ಹಳಿಯಲ್ಲಿ 8 ಕಂಬದ ಬುಡ ಸ್ಪಷ್ಟವಾಗಿ ಕಂಡರೆ ಸರಿ. 4 ಅಥವಾ 5ಕ್ಕೇ ಹಳಿ ಮರೆಯಾದರೆ, ತಿರುವಿನಿಂದಾಗಲಿ ಕೆಂಪು ಕಲ್ಲಿನ ಕಡಿತದಿಂದಾಗಲಿ, ಆ ಜಾಗ ದಾಟಲು ಯೋಗ್ಯವಲ್ಲ. ಬೀದರ್ ಸುತ್ತ ಜಂಬಿಟ್ಟಿಗೆ ನೆಲವನ್ನು ಕಡಿದು ಹಳಿ ಹಾಕಿದ ಕಡೆ ಈ ತೊಂದರೆ ಇದೆ. ಅಲ್ಲಿ 200 ಹೆಜ್ಜೆ ಸುತ್ತಾದರೂ ನೇರ ಹಳಿ ಇರುವ ಕಡೆ ದಾರಿ ಕೇಳುವುದೇ ಸರಿ.

ಇದೇ ಲೆಕ್ಕವನ್ನು ಭಾದ್ರಪದದಿಂದ ಪುಷ್ಯದವರೆಗೆ ಮತ್ತೊಮ್ಮೆ ಹಾಕಬೇಕು. ಬೇಸಿಗೆಯಲ್ಲಿ 8 ಕಂಬ ಕಾಣುವ ಕಡೆ ತೊಗರಿ ಆಳೆತ್ತರ ಬೆಳೆದ ಮೇಲೆ 3 ಕೂಡ ಕಾಣುವುದಿಲ್ಲ. ಭಾಲ್ಕಿ ಕಡೆ ಕಬ್ಬಂತೂ ವರ್ಷವಿಡೀ ಅಡ್ಡ. ರೈಲ್ವೆ ಜಾಗದಲ್ಲಿ ಬೆಳೆದ ಜಾಲಿ ಕಡಿಸಲು ಗ್ಯಾಂಗಿನವರಿಗೆ ಹೇಳಬಹುದು. ಹೊಲದ ಬೆಳೆಗೆ ಹೊಲದವರೇ ಮನಸ್ಸು ಮಾಡಬೇಕು: ದಾರಿಯ ಎರಡೂ ಮಗ್ಗುಲು ಮೂಲೆಯಲ್ಲಿ ನಾಲ್ಕಾರು ಸಾಲು ತೊಗರಿ ಬದಲು ಕಡಲೆ ಅಥವಾ ಹೆಸರು ಹಾಕಿದರೆ ನೋಟ ಬಿಡುವಾಗುತ್ತದೆ.

ನಮ್ಮ ಹಳಿ ಮೇಲೆ ಗಾಡಿಗಳೇ ಕಡಿಮೆ. ಟೈಮ್ ನೋಡಿಕೊಂಡು ದಾಟಿದರೆ ಆಗದೇ?

ಆಗದು. ಗಾಡಿ ಕಡಿಮೆ ಇರುವ ಹಳಿಯೇ ಹೆಚ್ಚು ಮೋಸ ಮಾಡುತ್ತದೆ. ಮುಖ್ಯ ಹಳಿಯ ಪಕ್ಕದವರು ನಿಂತು ನೋಡುವುದನ್ನು ರೂಢಿ ಮಾಡಿಕೊಂಡಿರುತ್ತಾರೆ, ಒಂಟಿ ಹಳಿಯವರು ಗಡಿಯಾರ ನಂಬುತ್ತಾರೆ. ಮೊಬೈಲಿನಲ್ಲಿ ಕಾಣುವುದು ಪ್ಯಾಸೆಂಜರ್ ಗಾಡಿಗಳು ಮಾತ್ರ. ಗೂಡ್ಸು, ಒಂಟಿ ಇಂಜಿನ್, ತಂತಿ ರಿಪೇರಿಯ ಟವರ್ ವ್ಯಾಗನ್, ಹಳಿ ಕುಟ್ಟುವ ಮೆಷಿನ್, ಮೋಟಾರ್ ಟ್ರಾಲಿ ಇವು ಯಾವ ಆ್ಯಪಿನಲ್ಲೂ ಬರುವುದಿಲ್ಲ. ಇದರ ಮೇಲೆ ಕರೆಂಟ್ ಇಂಜಿನ್ ಡೀಸೆಲ್ಲಿನ ಹಾಗೆ ದೂರದಿಂದ ಗುಡುಗುವುದಿಲ್ಲ. ಎದುರು ಗಾಳಿ ಇದ್ದರೆ ಹತ್ತಿರ ಬಂದಾಗಲೇ ಗೊತ್ತು.

ಇಂಜಿನ್ ಸೀಟಿ ಹೊಡೆಯುತ್ತದಲ್ಲ?

ಕ್ರಾಸಿಂಗಿನಿಂದ 600 ಮೀಟರ್ ಮೊದಲು ಹಳದಿ ಬೋರ್ಡಿನ ಮೇಲೆ ಡಬ್ಲ್ಯು/ಎಲ್ ಎಂದು, ಹಿಂದಿಯಲ್ಲಿ ಸಿ/ಫಾ ಎಂದು ಬರೆದಿರುತ್ತದೆ. ಅಲ್ಲಿಂದ ಡ್ರೈವರ್ ಸೀಟಿ ಹೊಡೆಯಬೇಕು. ಆದರೆ ಬೋರ್ಡು ಇರುವುದು ಅಧಿಕೃತ ಕ್ರಾಸಿಂಗಿಗೆ. ಜನರೇ ಮಾಡಿಕೊಂಡ ದಾರಿಗೆ ಬೋರ್ಡಿಲ್ಲ, ಸೀಟಿಯ ಭರವಸೆಯೂ ಇಲ್ಲ. ಬೋರ್ಡಿನಿಂದ ನಿಮ್ಮವರೆಗೆ 100 ಕಿ.ಮೀ. ವೇಗದ ಗಾಡಿಗೆ 22 ಸೆಕೆಂಡೂ ಬೇಡ. ಬ್ರೇಕ್ ಹಾಕಿದರೂ ಆ ವೇಗದ ಗಾಡಿ ನಿಲ್ಲಲು ಹೆಚ್ಚುಕಡಿಮೆ ಒಂದು ಕಿಲೋಮೀಟರ್ ಬೇಕು, ಹಾಗಾಗಿ ಡ್ರೈವರ್ ನಿಮ್ಮನ್ನು ನೋಡಿದರೂ ಮಾಡುವುದು ಸೀಟಿ ಒತ್ತುವುದಷ್ಟೇ.

ದಾಟುವ ಸರಿಯಾದ ರೀತಿ ಯಾವುದು?

ಹಳಿಯಿಂದ 3 ಮೀಟರ್ ದೂರ ನಿಲ್ಲಿ. ಕಿವಿಯಲ್ಲಿನ ಇಯರ್‌ಫೋನ್ ತೆಗೆಯಿರಿ. ಚಳಿಗೆ ಮಫ್ಲರ್, ಸೆರಗು ಸುತ್ತಿದ್ದರೆ ಕಿವಿ ಬಿಡಿಸಿಕೊಳ್ಳಿ. ತಲೆಹೊರೆ ಇದ್ದವರು ಮೈಪೂರ್ತಿ ತಿರುಗಿ ನೋಡಬೇಕು, ಬರೀ ಕಣ್ಣು ಹೊರಳಿಸಿದರೆ ಮೇವಿನ ಅಂಚು ನೋಟ ಮುಚ್ಚುತ್ತದೆ. ಬಲಕ್ಕೆ, ಎಡಕ್ಕೆ, ಮತ್ತೆ ಮೊದಲು ನೋಡಿದ ಕಡೆಗೆ. ನೇರವಾಗಿ ದಾಟಿ, ಓರೆಯಾಗಿ ನಡೆದರೆ ದೂರ ಹೆಚ್ಚುತ್ತದೆ. ಹಳಿಯ ನೆತ್ತಿಯ ಮೇಲೆ ಕಾಲಿಡಬೇಡಿ, ಇಬ್ಬನಿ ಬಿದ್ದ ಬೆಳಿಗ್ಗೆ ಅದು ಎಣ್ಣೆ ಹಚ್ಚಿದಂತೆ ಜಾರುತ್ತದೆ. ಏನಾದರೂ ಬಿದ್ದರೆ ಬಿಟ್ಟು ಮುಂದೆ ಹೋಗಿ, ನೋಡಿಕೊಂಡು ತಿರುಗಿ ಬನ್ನಿ.

ಮಕ್ಕಳು ಗುಂಪಾಗಿ ಬಂದರೆ ಎಲ್ಲರೂ ಒಟ್ಟಿಗೆ ದಾಟಬೇಕು, ಇಲ್ಲವೇ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಅರ್ಧ ಗುಂಪು ಆಚೆ ಹೋದಾಗ ಈಚೆ ಉಳಿದವರು ನೋಡದೆ ಓಡುತ್ತಾರೆ.

ಗೂಡ್ಸು ಗಾಡಿ ದಾರಿಗೆ ಅಡ್ಡ ನಿಂತಿದೆ. ಅಡಿಯಲ್ಲಿ ನುಸುಳಬಹುದೇ?

ಬೇಡವೇ ಬೇಡ. ಸೀಟಿ ಹೊಡೆಯದೆಯೂ ಗಾಡಿ ಅಲುಗುತ್ತದೆ. ಬ್ರೇಕ್ ಬಿಟ್ಟಾಗ ವ್ಯಾಗನ್ನುಗಳು ಒಂದಕ್ಕೊಂದು ಜಗ್ಗಿ ಅರ್ಧ ಮೀಟರ್ ಸರಿದರೂ ಸಾಕು, ಪ್ರಾಣ ಹೋಗುತ್ತದೆ. ಎರಡು ವ್ಯಾಗನ್ ನಡುವಿನ ಕೊಂಡಿ ಹತ್ತಿ ದಾಟುವುದೂ ಅಷ್ಟೇ. ಸ್ಟೇಷನ್ ಹತ್ತಿರ ಎರಡು ಹಳಿ ಇರುವಲ್ಲಿ, ನಿಂತ ಗಾಡಿಯ ಮರೆಯಿಂದ ಹೊರಬಂದವರು ಎರಡನೇ ಹಳಿಯ ಗಾಡಿಗೆ ಸಿಗುತ್ತಾರೆ.

ದನ, ಕುರಿ ದಾಟಿಸುವಾಗ?

ಎಮ್ಮೆ, ಎತ್ತುಗಳನ್ನು ಹಗ್ಗ ಹಿಡಿದು ಎರಡೆರಡಾಗಿ ದಾಟಿಸಿ. ಕುರಿ ಹಿಂಡಿಗೆ ಕಡಿಮೆ ಎಂದರೆ ಮೂವರು ಬೇಕು: ಒಬ್ಬರು ಮುಂದೆ, ಒಬ್ಬರು ಹಿಂದೆ, ಮತ್ತೊಬ್ಬರು ತಿರುವಿನ ಕಡೆ ಹಳಿಯ ಹೊರಗೆ ನಿಂತು ನೋಡಲಿಕ್ಕೆ. ಮುಂದಿನ ಕುರಿ ಓಡಿದರೆ ಹಿಂದಿನವು ತಡೆದರೂ ನಿಲ್ಲುವುದಿಲ್ಲ. ಆದ್ದರಿಂದ ದೊಡ್ಡ ಹಿಂಡನ್ನು ಹಳಿಗಿಂತ ದೂರದಲ್ಲೇ ಒಡೆದು 20–30ರ ತಂಡ ಮಾಡಿ ದಾಟಿಸಬೇಕು. ಗೇಟಿನಲ್ಲಿ ದಾಟಿಸುವಾಗ ಹಳಿ ಮತ್ತು ಅದರ ಪಕ್ಕದ ಚೆಕ್ ರೈಲಿನ ನಡುವೆ 51ರಿಂದ 57 ಮಿ.ಮೀ. ಸಂದು ಇರುತ್ತದೆ. ಗಾಲಿಯ ಅಂಚು ಓಡಲು ಬಿಟ್ಟ ಆ ಸಂದಿನಲ್ಲಿ ಕರುವಿನ, ಆಡಿನ ಗೊರಸು ಸಿಗುತ್ತದೆ. ಹಿಂದಕ್ಕೆ ಎಳೆದರೆ ಇನ್ನೂ ಬಿಗಿಯಾಗುತ್ತದೆ. ಗೊರಸಿನ ತುದಿ ಮೇಲಾಗುವಂತೆ ಹಳಿಯ ಉದ್ದಕ್ಕೆ ಜಾರಿಸಿ ಎತ್ತಬೇಕು.

ಹಳಿ ಬದಿಯ ಹುಲ್ಲಿಗೆ ಕಟ್ಟಿ ಹೋಗುವುದಂತೂ ಬಿಟ್ಟುಬಿಡಿ. ದನಕ್ಕೆ ಗಾಡಿ ಬಡಿದರೆ ದನ ಹೋಗುವುದಲ್ಲದೆ ಗಾಲಿ ಹಳಿ ತಪ್ಪುವ ಅಪಾಯವೂ ಇದೆ. ರೈಲ್ವೆ ರಕ್ಷಣಾ ಪಡೆ (ಆರ್‌ಪಿಎಫ್) ದನದ ಧಣಿಯ ಮೇಲೆ ಕೇಸು ಹಾಕುತ್ತದೆ.

ಉದ್ದ ಪೈಪು, ಏಣಿ ಹೊತ್ತು ದಾಟಬಹುದೇ?

ಮೇಲಿನ ತಂತಿಯಲ್ಲಿ 25,000 ವೋಲ್ಟ್ ಇರುತ್ತದೆ. ಮುಟ್ಟಲೇಬೇಕೆಂದಿಲ್ಲ, ಹತ್ತಿರ ಹೋದರೂ ಹಾರಿ ಹಿಡಿಯುತ್ತದೆ. 2 ಮೀಟರಿನೊಳಗೆ ಯಾವುದೂ ಹೋಗಬಾರದು. ಬೋರ್‌ವೆಲ್ ಪೈಪು, ಅಲ್ಯುಮಿನಿಯಂ ಏಣಿ, ಹಣ್ಣು ಕೀಳುವ ದೋಟಿ ಇವನ್ನು ಇಬ್ಬರು ನೆಲಕ್ಕೆ ಸಮನಾಗಿ, ಸೊಂಟದ ಎತ್ತರದಲ್ಲಿ ಹಿಡಿದು ದಾಟಿಸಿ. ಹೆಗಲ ಮೇಲೆ ಓರೆಯಾಗಿ ಎತ್ತಬೇಡಿ. ಹಸಿ ಬಿದಿರು ಕೂಡ ಕರೆಂಟು ಹರಿಸುತ್ತದೆ.

ಮಳೆಗಾಲದಲ್ಲಿ ದಾಟುವ ಜಾಗ ಕೆಸರಾಗುತ್ತದೆ. ನಾವೇ ಫರ್ಸಿ ಹಾಸಬಹುದೇ?

ಹಳಿಗಳ ನಡುವೆ ಮತ್ತು ಖಡಿಯ ಮೇಲೆ ಏನನ್ನೂ ಹಾಕಬಾರದು. ಇದನ್ನು ವಿವರವಾಗಿ ಹೇಳಬೇಕು, ಯಾಕೆಂದರೆ ಒಳ್ಳೆಯ ಮನಸ್ಸಿನಿಂದ ಮಾಡಿದ ಈ ಕೆಲಸದಿಂದಲೇ ಅನಾಹುತ ಆಗುತ್ತದೆ.

ಖಡಿ ಎಂದರೆ 20ರಿಂದ 65 ಮಿ.ಮೀ. ಗಾತ್ರದ ಒಡೆದ ಕಲ್ಲು. ಅದರ ಸಂದುಗಳಲ್ಲಿ ನೀರು ಇಳಿದು ಹೋಗಬೇಕು, ಗಾಡಿಯ ಭಾರಕ್ಕೆ ಕಲ್ಲುಗಳು ಒಂದನ್ನೊಂದು ಕಚ್ಚಿ ನಿಲ್ಲಬೇಕು. ನಮ್ಮ ಎರೆ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿ ಬಿರಿಯುತ್ತದೆ. ಕಾಲಿಗೆ, ಗೊರಸಿಗೆ ಅಂಟಿ ಬಂದ ಎರೆ ದಿನವೂ ಖಡಿಯ ಸಂದು ತುಂಬುತ್ತಾ ಹೋಗುತ್ತದೆ. ಮಳೆ ಬಂದಾಗ ಸ್ಲೀಪರ್ ಅಡಿಯಲ್ಲಿ ನೀರು ನಿಂತು, ಪ್ರತಿ ಗಾಲಿಯ ಒತ್ತಿಗೆ ಕೆಸರು ಚಿಮ್ಮಿ ಮೇಲೆ ಬರುತ್ತದೆ. ಸ್ಲೀಪರ್ ತುದಿಯ ಖಡಿ ಬೂದಿ ಬಣ್ಣಕ್ಕೆ ತಿರುಗಿದೆ, ಗಾಡಿ ಹೋಗುವಾಗ ಹಳಿ ತಗ್ಗಿ ಏಳುತ್ತಿದೆ ಎಂದರೆ ಅದು ಆಗಲೇ ಶುರುವಾಗಿದೆ. ಇದರ ಮೇಲೆ ಮುರುಮು ಸುರಿದರೆ ಇದ್ದ ಸಂದೂ ಮುಚ್ಚುತ್ತದೆ. ಫರ್ಸಿ ಹಾಸಿದರೆ ಅದು ಒಡೆದು, ಚೂರು ಹಳಿಯ ಒಳಬದಿಗೆ ಸಿಕ್ಕಿ, ಗಾಲಿಯ ಅಂಚು ಅದರ ಮೇಲೆ ಹತ್ತುತ್ತದೆ. ಅದರ ಮೇಲೆ, ಹಳಿ ಹಿಡಿಯುವ ಕ್ಲಿಪ್ಪುಗಳೂ ಮುಚ್ಚಿಹೋಗಿ ದಿನಾ ನೋಡಿಕೊಂಡು ಹೋಗುವ ಕೀಮ್ಯಾನನ ಕಣ್ಣಿಗೆ ಬೀಳುವುದಿಲ್ಲ.

ನೀವು ಮಾಡಬಹುದಾದದ್ದು ರೈಲ್ವೆ ಗಡಿಯ ಹೊರಗೆ, ಪಂಚಾಯಿತಿ ಮೂಲಕ. ಹಳಿಗೆ ಬರುವ ಮೊದಲಿನ 15–20 ಮೀಟರ್ ದಾರಿಗೆ ಗಟ್ಟಿ ಮುರುಮು ಹಾಕಿ ಕುಟ್ಟಿಸಿ, ಮೇಲೆ ಶಹಾಬಾದ್ ಫರ್ಸಿಯನ್ನು ಒರಟು ಮುಖ ಮೇಲಾಗಿ ಕೂರಿಸಿ, ನೀರು ಹೊರಗೆ ಹರಿಯುವಂತೆ ಒಂದು ಬದಿಗೆ ಇಳಿಜಾರು ಕೊಡಿಸಿ. ನಯವಾದ ಮುಖ ಮೇಲಾದರೆ ಆಷಾಢದಲ್ಲಿ ಜಾರುಬಂಡೆ. ಅಷ್ಟು ದೂರ ನಡೆದಾಗ ಕಾಲಿನ ಎರೆ ಅಲ್ಲೇ ಉದುರುತ್ತದೆ, ಖಡಿಗೆ ಬರುವುದು ಕಡಿಮೆಯಾಗುತ್ತದೆ. ಏರಿಯ ಮೇಲಿನ ಮೆಟ್ಟಿಲು ಮತ್ತು ಹಳಿಗಳ ನಡುವಿನ ಹಲಗೆ ರೈಲ್ವೆಯ ಕೆಲಸ. ಅಧಿಕೃತ ಕ್ರಾಸಿಂಗ್ ಆಗಿದ್ದರೆ ಹತ್ತಿರದ ಸ್ಟೇಷನ್ ಮಾಸ್ಟರ್ ಮೂಲಕ ಹಳಿ ವಿಭಾಗದ ಸೀನಿಯರ್ ಸೆಕ್ಷನ್ ಇಂಜಿನಿಯರಿಗೆ ಬರೆದುಕೊಡಿ, ಸ್ವೀಕೃತಿ ಸಹಿ ತೆಗೆದುಕೊಳ್ಳಿ. ಹಳಿ ಕುಟ್ಟುವ ಮೆಷಿನ್ ಬಂದಾಗ ಹಲಗೆ ತೆಗೆದು, ತಿರುಗಿ ಹಾಕಲು ಮರೆಯುವುದುಂಟು. ಅಂಥ ದೂರು ಬೇಗ ತೀರುತ್ತದೆ.

ಹಳಿ ಮೇಲೆ ಏನಾದರೂ ಸಿಕ್ಕಿಕೊಂಡರೆ, ಅಥವಾ ಹಳಿ ಬಿರುಕು ಬಿಟ್ಟದ್ದು ಕಂಡರೆ?

ಮೊದಲು ಜನರನ್ನು ದೂರ ಕಳಿಸಿ. 139ಕ್ಕೆ ಫೋನ್ ಮಾಡಿ, ಕಂಬದ ಸಂಖ್ಯೆ ಮತ್ತು ಎರಡೂ ಕಡೆಯ ಸ್ಟೇಷನ್ ಹೆಸರು ಹೇಳಿ. "ನಮ್ಮ ಊರ ಹನುಮಂತ ದೇವರ ಗುಡಿ ಹಿಂದೆ" ಎಂದರೆ ಅವರಿಗೆ ತಿಳಿಯುವುದಿಲ್ಲ. ಹತ್ತಿರ ಗೇಟಿದ್ದರೆ ಒಬ್ಬರು ಅಲ್ಲಿಗೆ ಓಡಲಿ: ಗೇಟ್‌ಮ್ಯಾನ್ ಬಳಿ ಸ್ಟೇಷನ್ನಿಗೆ ನೇರ ಫೋನ್, ಕೆಂಪು ಬಾವುಟ, ಪಟಾಕಿ ಸಿಗ್ನಲ್ (ಗಾಲಿ ಹತ್ತಿದಾಗ ಸಿಡಿದು ಡ್ರೈವರನ್ನು ಎಚ್ಚರಿಸುವಂಥದ್ದು) ಇರುತ್ತವೆ. ಅವರು 600 ಮೀಟರಿನಲ್ಲಿ ಒಂದು, 1,200 ಮೀಟರಿನಲ್ಲಿ 10 ಮೀಟರ್ ಅಂತರಕ್ಕೆ ಮೂರು ಪಟಾಕಿ ಹಳಿಗೆ ಕಟ್ಟುತ್ತಾರೆ.

ಒಂಟಿ ಹಳಿ, ಗಾಡಿ ಯಾವ ಕಡೆಯಿಂದಲೂ ಬರಬಹುದು. ಎರಡೂ ದಿಕ್ಕಿಗೆ ಒಬ್ಬೊಬ್ಬರು ಹೋಗಿ. ಒಬ್ಬರೇ ಇದ್ದರೆ ತಿರುವು ಇರುವ ಕಡೆಗೆ ಹೋಗಿ. ಹಳಿಯ ನಡುವೆ ಅಲ್ಲ, ಬದಿಯಲ್ಲಿ ಓಡಿ. 600 ಮೀಟರ್ ಸಾಲದು, 1,200 ಆಗುವಷ್ಟು ದೂರ ಹೋಗಬೇಕು. ಹಗಲಲ್ಲಿ ಎರಡೂ ಕೈ ತಲೆಯ ಮೇಲೆ ನೇರ ಎತ್ತಿ ನಿಂತರೆ ಡ್ರೈವರಿಗೆ ಅದು ನಿಲ್ಲಿಸು ಎಂಬ ಸೂಚನೆ. ರಾತ್ರಿ ಟಾರ್ಚನ್ನು ಜೋರಾಗಿ ಬೀಸಿ. ಒಂದೇ ಕೈ ಆಡಿಸಿದರೆ ಮಕ್ಕಳು ಟಾಟಾ ಮಾಡಿದ್ದಾರೆ ಎಂದುಕೊಂಡು ಮುಂದೆ ಬರುತ್ತಾರೆ.

ಹಳಿ ಬಿರುಕು ಹೆಚ್ಚು ಕಾಣುವುದು ಚಳಿಗಾಲದ ನಸುಕಿನಲ್ಲಿ. ಬೆಸುಗೆ ಹಾಕಿದ ಉದ್ದ ಹಳಿ ಚಳಿಗೆ ಕುಗ್ಗಲು ಎಳೆದು, ಬೆಸುಗೆ ಸೊರಗಿದಲ್ಲಿ ಕಡಿದುಕೊಳ್ಳುತ್ತದೆ. ನಸುಕಿಗೆ ಹೊಲಕ್ಕೆ ಹೋಗುವವರ ಕಣ್ಣಿಗೆ ಅದು ಕೀಮ್ಯಾನನಿಗಿಂತ ಮೊದಲು ಬೀಳಬಹುದು.

ಅಜ್ಜನ ಕಾಲದಿಂದ ನಡೆದ ದಾರಿ. ಈಗ ಬೇಲಿ ಹಾಕಿದ್ದಾರೆ. ನಮಗೆ ಹಕ್ಕಿಲ್ಲವೇ?

ನಡೆದದ್ದಷ್ಟೇ ಹಕ್ಕಾಗುವುದಿಲ್ಲ, ದಾಖಲೆ ಬೇಕು. ಸರ್ಕಾರಿ ಜಾಗದ ಮೇಲೆ ದಾರಿ ಹಕ್ಕು ರೂಢಿಯಿಂದ ಬಂದಿದೆ ಎನ್ನಲು 30 ವರ್ಷ ಅಡ್ಡಿಯಿಲ್ಲದೆ ನಡೆದದ್ದನ್ನು ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಅದಕ್ಕಿಂತ ಬಲವಾದದ್ದು ನಕಾಶೆ. ಭೂದಾಖಲೆ ಇಲಾಖೆಯಿಂದ ಗ್ರಾಮ ನಕಾಶೆ ತೆಗೆಸಿ: ಒಂಟಿ ಚುಕ್ಕೆ ಗೆರೆ ಕಾಲುದಾರಿ, ಜೋಡಿ ಚುಕ್ಕೆ ಗೆರೆ ಬಂಡಿದಾರಿ. ಆ ಗೆರೆ ಹಳಿಯ ಈಚೆ ಬಂದು ಆಚೆಯೂ ಮುಂದುವರಿದಿದ್ದರೆ ನಿಮ್ಮ ಮಾತಿಗೆ ತೂಕ ಬರುತ್ತದೆ. ನಿಜಾಮರ ಕಾಲದ ಕಾಗದ ಉರ್ದುವಿನಲ್ಲಿದ್ದರೆ ಅನುವಾದ ಮಾಡಿಸಿ ಜೊತೆಗಿಡಿ. ಬೇಲಿ ಕತ್ತರಿಸಿದರೆ ಮಾತ್ರ ಇಷ್ಟೆಲ್ಲ ಮಾಡಿದ್ದೂ ನೀರಲ್ಲಿ ಹೋಮ. ಅರ್ಜಿ ಮೂಲೆಗೆ ಬಿದ್ದು ಕೇಸು ಮುಂದೆ ಬರುತ್ತದೆ.

ಹೊಸ ದಾಟು ಅಥವಾ ಅಂಡರ್‌ಪಾಸ್ ಕೇಳುವುದು ಹೇಗೆ?

1989ರ ರೈಲ್ವೆ ಕಾಯ್ದೆಯ 16ನೇ ಕಲಂ ಪ್ರಕಾರ, ಹಳಿ ಹಾಕುವುದರಿಂದ ಹೊಲಕ್ಕೆ ಹೋಗುವ ದಾರಿ ತುಂಡಾದರೆ ದಾಟು, ಮೋರಿ ಮುಂತಾದವನ್ನು ರೈಲ್ವೆಯೇ ಮಾಡಿಕೊಡಬೇಕು. ಆದರೆ ಆ ದಾರಿಗಾಗಿ ಮೊದಲೇ ಪರಿಹಾರ ಪಡೆದಿದ್ದರೆ ಇಲ್ಲ. ಹಳಿ ಸಂಚಾರಕ್ಕೆ ತೆರೆದು 10 ವರ್ಷ ಕಳೆದ ಮೇಲೆ ಹೆಚ್ಚುವರಿ ಕೆಲಸದ ಹೊಣೆಯೂ ಇಲ್ಲ. ಭಾಲ್ಕಿ, ಕಮಲನಗರದ ಹಳಿಗೆ ಆ ಗಡುವು ಎಂದೋ ಮುಗಿದಿದೆ. ಬೀದರ್–ಕಲಬುರಗಿ ಮಾರ್ಗ ಉದ್ಘಾಟನೆಯಾದದ್ದು 2017ರ ಅಕ್ಟೋಬರಿನಲ್ಲಿ. ಹುಮನಾಬಾದ್, ಕಮಲಾಪುರ ಕಡೆಯವರು ತಮ್ಮ ತುಂಡು ಸಂಚಾರಕ್ಕೆ ತೆರೆದ ದಿನಾಂಕ ನೋಡಿ ಲೆಕ್ಕ ಹಾಕಲಿ, ಗಡುವಿನೊಳಗೆ ಬರೆದುಕೊಟ್ಟ ಅರ್ಜಿಗೆ ಬೇರೆಯೇ ಬೆಲೆ.

ಗಡುವು ಮುಗಿದವರಿಗೆ 17ನೇ ಕಲಂ ಇದೆ: ಹೊಲದವರು, ರಾಜ್ಯ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ಖರ್ಚು ಭರಿಸಿದರೆ ರೈಲ್ವೆ ಕೆಲಸ ಮಾಡಿಕೊಡುತ್ತದೆ. ಹೊಲದವರ ಕೈಯಲ್ಲಿ ಆಗುವ ಮಾತಲ್ಲ. ಆದ್ದರಿಂದ ಗ್ರಾಮಸಭೆ ಠರಾವು, ಜಿಲ್ಲಾಧಿಕಾರಿಗಳ ಪತ್ರ, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ ಅಥವಾ ಶಾಸಕ-ಸಂಸದರ ಕಡೆಯಿಂದ ಹಣದ ಭರವಸೆ, ಈ ಕ್ರಮದಲ್ಲಿ ಹೋಗಿ.

ಸಂಖ್ಯೆಯ ವಿಷಯದಲ್ಲಿ ಒಂದು ಎಚ್ಚರ. ಗೇಟುಗಳ ಮಹತ್ವವನ್ನು ರೈಲ್ವೆ ಟಿವಿಯು ಲೆಕ್ಕದಲ್ಲಿ ಅಳೆಯುತ್ತದೆ: ದಿನದ ಗಾಡಿಗಳ ಸಂಖ್ಯೆಯನ್ನು ರಸ್ತೆ ವಾಹನಗಳ ಸಂಖ್ಯೆಯಿಂದ ಗುಣಿಸುವುದು. ಮೋಟಾರು ವಾಹನ, ಎತ್ತಿನ ಬಂಡಿ ಒಂದೊಂದು, ಆಟೋ ಅರ್ಧ. ನಡೆದು ಹೋಗುವವರು ಅದರಲ್ಲಿ ಸೊನ್ನೆ. ಹಾಗಾಗಿ ನಿಮ್ಮದೇ ಎಣಿಕೆ ಮಾಡಿ: 7 ದಿನ, 24 ಗಂಟೆ, ಸಾಲಿ ಮಕ್ಕಳು, ಹೊರೆ ಹೊತ್ತವರು, ದನಕರು ಬೇರೆ ಬೇರೆ ಕಾಲಂ. ಬಿತ್ತನೆ ಅಥವಾ ರಾಶಿಯ ವಾರ ಆರಿಸಿಕೊಳ್ಳಿ, ಅದನ್ನು ಅರ್ಜಿಯಲ್ಲಿ ಬರೆಯಿರಿ ಕೂಡ. ಬೀದರ್, ಭಾಲ್ಕಿ, ಚಿತ್ತಾಪುರ, ಸೇಡಂ ಕಡೆಯವರು ಸಿಕಂದರಾಬಾದ್ ವಿಭಾಗದ ಡಿಆರ್‌ಎಂಗೆ (ವಿಭಾಗೀಯ ರೈಲ್ವೆ ವ್ಯವಸ್ಥಾಪಕರಿಗೆ), ಕಲಬುರಗಿ–ಶಹಾಬಾದ್ ಹಳಿಯವರು ಸೊಲ್ಲಾಪುರಕ್ಕೆ ಬರೆಯಬೇಕು. ತಪ್ಪು ವಿಭಾಗಕ್ಕೆ ಹೋದ ಅರ್ಜಿ ಅಲ್ಲೇ ತಿಂಗಳುಗಟ್ಟಲೆ ಕೂರುತ್ತದೆ.

ಅಂಡರ್‌ಪಾಸ್ ಕೊಟ್ಟರು, ಮಳೆ ಬಂದರೆ ಅದರಲ್ಲಿ ಈಜಬೇಕು. ಏನು ಮಾಡುವುದು?

ಹೊಲದ ಮಟ್ಟಕ್ಕಿಂತ ಕೆಳಗೆ ತೋಡಿದ ಪೆಟ್ಟಿಗೆ ಅದು, ಸುತ್ತಲಿನ ಎರೆ ಹೊಲದ ನೀರೆಲ್ಲ ಅಲ್ಲಿಗೇ. ಕಟ್ಟಿದ ಮೇಲೆ ಅಳುವುದಕ್ಕಿಂತ ನಕ್ಷೆಯ ಹಂತದಲ್ಲೇ ಕೇಳಿ: ಎರಡೂ ಬಾಯಲ್ಲಿ ಹೊರಗಿನ ನೀರು ತಡೆಯುವ ಉಬ್ಬು, ಇಳಿಜಾರಿನ ಮೇಲೆ ತಗಡಿನ ಚಾವಣಿ, ಅಡ್ಡ ಚರಂಡಿಗೆ ಜಾಳಿಗೆ, ಹತ್ತಿರದ ಹಳ್ಳಕ್ಕೆ ನೀರು ತಾನೇ ಹರಿದು ಹೋಗುವ ದಾರಿ. ಕೊನೆಯದು ಸಾಧ್ಯವಿಲ್ಲದಿದ್ದರೆ ಮಾತ್ರ ಗುಂಡಿ ಮತ್ತು ಪಂಪು, ಆಗ ಪಂಪಿನ ಕರೆಂಟ್ ಬಿಲ್ಲು ಯಾರದ್ದು, ಹೂಳು ತೆಗೆಯುವವರು ಯಾರು ಎಂದು ಕಾಗದದ ಮೇಲೆ ಬರೆಸಿಕೊಳ್ಳಿ. ಇಲ್ಲವಾದರೆ ರೈಲ್ವೆ ಪಂಚಾಯಿತಿಯನ್ನು, ಪಂಚಾಯಿತಿ ರೈಲ್ವೆಯನ್ನು ತೋರಿಸುತ್ತದೆ. ಗೋಡೆಗೆ ಅರ್ಧ ಅರ್ಧ ಅಡಿಗೆ ಬಣ್ಣದ ಗುರುತು ಹಾಕಿಸಿ. ನೀರು ಮೊಣಕಾಲು ಮುಟ್ಟಿದರೆ ಇಳಿಯಬೇಡಿ.

ಅನಧಿಕೃತ ಜಾಗದಲ್ಲಿ ದಾಟಿದರೆ ಶಿಕ್ಷೆ ಏನು?

ರೈಲ್ವೆ ಕಾಯ್ದೆಯ 147ನೇ ಕಲಂ: 6 ತಿಂಗಳವರೆಗೆ ಜೈಲು, 1,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ವಿಶೇಷ ಕಾರಣವಿಲ್ಲದಿದ್ದರೆ ದಂಡ 500ಕ್ಕಿಂತ ಕಡಿಮೆಯಾಗುವುದಿಲ್ಲ. ಮುಚ್ಚಿದ ಗೇಟನ್ನು ತೆರೆದರೆ 3 ವರ್ಷ, ಮುರಿದರೆ 5 ವರ್ಷದವರೆಗೆ ಜೈಲು. ಅದು 160ನೇ ಕಲಂ.

ದಾಟುವಾಗ ಸತ್ತರೆ ರೈಲ್ವೆ ಪರಿಹಾರ ಕೊಡುತ್ತದೆಯೇ?

ಕ್ಲೇಮ್ಸ್ ಟ್ರಿಬ್ಯುನಲ್ಲಿನ 8 ಲಕ್ಷ ಪರಿಹಾರ ಟಿಕೆಟ್ ಪಡೆದ ಪ್ರಯಾಣಿಕರಿಗೆ. ಹಳಿ ದಾಟುವವರಿಗೆ ಅದು ಅನ್ವಯಿಸುವುದಿಲ್ಲ. ಬ್ಯಾಂಕ್ ಖಾತೆಯಿಂದ ವರ್ಷಕ್ಕೆ 20 ರೂಪಾಯಿ ಕಡಿತವಾಗುವ ಪ್ರಧಾನಮಂತ್ರಿ ಸುರಕ್ಷಾ ಬಿಮಾ ಇದ್ದರೆ ಅಪಘಾತದ ಸಾವಿಗೆ 2 ಲಕ್ಷ ಇದೆ, ವಯಸ್ಸು 18ರಿಂದ 70. ಅದಕ್ಕೆ ರೈಲ್ವೆ ಪೊಲೀಸರ ಎಫ್‌ಐಆರ್, ಪಂಚನಾಮೆ, ಮರಣೋತ್ತರ ಪರೀಕ್ಷೆಯ ವರದಿ ಬೇಕು. ಪೊಲೀಸರು ಬರುವ ಮೊದಲೇ ದೇಹವನ್ನು ಮನೆಗೆ ಒಯ್ದರೆ ಈ ಮೂರೂ ಕಷ್ಟ.

ಹಳಿ ಅಡಿಯಿಂದ ನೀರಿನ ಪೈಪ್ ಎಳೆಯಬೇಕು. ಮೋರಿಯಲ್ಲಿ ತೂರಿಸಿದರೆ ನಡೆಯುತ್ತದೆಯೇ?

ಅನುಮತಿ ಇಲ್ಲದೆ ನಡೆಯುವುದಿಲ್ಲ. ವಿಭಾಗೀಯ ಕಚೇರಿಯಿಂದ ವೇ-ಲೀವ್ (ರೈಲ್ವೆ ಜಾಗ ಬಳಸುವ ಅನುಮತಿ) ಪಡೆದು, ಶುಲ್ಕ ಕಟ್ಟಿ, ಅವರು ಹೇಳಿದ ಆಳದಲ್ಲಿ ಹೊರಕೊಳವೆಯ ಒಳಗೆ ಪೈಪ್ ಹಾಕಬೇಕು. ಮೋರಿಯಲ್ಲಿ ತೂರಿಸಿದ ಪೈಪಿಗೆ ಮಳೆಗಾಲದಲ್ಲಿ ಕಸ, ಕಣಿಕೆ ಸಿಕ್ಕಿ ನೀರು ಕಟ್ಟಿ ನಿಲ್ಲುತ್ತದೆ, ಏರಿ ಕೊಚ್ಚುತ್ತದೆ. ಗ್ಯಾಂಗಿನವರು ಕಂಡ ದಿನವೇ ಕಿತ್ತು ಎಸೆಯುತ್ತಾರೆ.